ಆಶಾ ಕಾರ್ಯಕರ್ತೆ ಸೊಂಟ ಯಾಕೆ ಅಳೆಯುತ್ತಾರೆ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಕಾರವಾರದಿಂದ ಭಟ್ಕಳದವರೆಗೆ ಅದೇ ಮಾತು. ಇಸಿಜಿ ಮಾಡಿಸೋಣವಾ, ಟಿಎಂಟಿ (ಯಂತ್ರದ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸೋಣವಾ ಅಂತ ನಲವತ್ತು ದಾಟಿದವರೆಲ್ಲ ಒಬ್ಬರನ್ನೊಬ್ಬರು ಕೇಳಿದ್ದೇ ಕೇಳಿದ್ದು. ಆಮೇಲೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿತು. ಹೃದಯದ ಸಾವುಗಳು ವಿಪರೀತ ಏರಿದ ಲಕ್ಷಣ ಅದಕ್ಕೆ ಕಾಣಲಿಲ್ಲ. ಆದರೆ ತೀರಿಕೊಂಡ ಹಲವರಲ್ಲಿ ಬಿಪಿ, ಶುಗರ್, ಬೊಜ್ಜು, ಸಿಗರೇಟು, ಕುಡಿತದಂಥ ಹಳೇ ಕಾರಣಗಳೇ ಇದ್ದವು.

ಈ ಪಟ್ಟಿಯಲ್ಲಿ ಬಿಪಿ, ಶುಗರ್‌ಗೆ ನಾವು ಹೆದರುತ್ತೇವೆ. ಬೊಜ್ಜಿನ ವಿಷಯ ಬಂದರೆ ನಗುತ್ತೇವೆ. 'ಮದುವೆಯಾದ ಮೇಲೆ ಮೈ ತುಂಬಿಕೊಂಡಿದ್ದಾನೆ' ಅನ್ನೋದು ನಮ್ಮಲ್ಲಿ ಈಗಲೂ ಹೊಗಳಿಕೆಯೇ. ಆದರೆ ಆರೋಗ್ಯ ಇಲಾಖೆ ಇದನ್ನು ತಮಾಷೆಯಾಗಿ ನೋಡುತ್ತಿಲ್ಲ. 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬಿಸುವ ಒಂದು ಫಾರಂ ಇದೆ. ಅದರಲ್ಲಿ ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಎಂಬ ಪ್ರಶ್ನೆಗಳ ಜೊತೆಗೆ ಸೊಂಟದ ಸುತ್ತಳತೆಯನ್ನೂ ಬರೆಯಬೇಕು. ಗಂಡಸರ ಸೊಂಟ 90 ಸೆಂ.ಮೀ. ಒಳಗಿದ್ದರೆ ಸೊನ್ನೆ, 91ರಿಂದ 100 ಇದ್ದರೆ 1 ಅಂಕ, ಅದಕ್ಕೂ ಮೇಲಾದರೆ 2. ಹೆಂಗಸರಿಗೆ ಇದೇ ಲೆಕ್ಕ 80 ಮತ್ತು 90ಕ್ಕೆ. ಎಲ್ಲ ಪ್ರಶ್ನೆಗಳ ಅಂಕ ಕೂಡಿ 4 ದಾಟಿದರೆ ಅವರನ್ನು ತಪಾಸಣೆಗೆ ಮೊದಲು ಕಳಿಸಬೇಕು.

ಗಮನಿಸಿ, ಆ ಫಾರಂ ಅಂಕ ಕೊಡೋದು ತೂಕಕ್ಕಲ್ಲ, ಸೊಂಟಕ್ಕೆ. ಯಾಕೆ ಅಂತ ತಿಳಿಯಬೇಕಾದರೆ ಬೊಜ್ಜು ಮೈಯೊಳಗೆ ಏನು ಮಾಡುತ್ತದೆ ಅಂತ ನೋಡಬೇಕು.

ತೂಕದ ಲೆಕ್ಕ ಮತ್ತು ಅದರ ಮಿತಿ

ಡಾಕ್ಟರ ಹತ್ತಿರ ಹೋದರೆ ಮೊದಲು ಸಿಗುವ ಸಂಖ್ಯೆ ಬಿಎಂಐ. ಲೆಕ್ಕ ಸುಲಭ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಬೇಕು. 165 ಸೆಂ.ಮೀ. ಎತ್ತರ, 70 ಕಿಲೋ ತೂಕದವರಿಗೆ 70ನ್ನು 1.65ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.65ರಿಂದ ಭಾಗಿಸಿದರೆ 25.7 ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮ ದೇಶದ ತಜ್ಞರ ಮಾನದಂಡ ಇನ್ನೂ ಬಿಗಿ. 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು. ಅಂದರೆ ಮೇಲೆ ಹೇಳಿದ ವ್ಯಕ್ತಿ ಜಗತ್ತಿನ ಲೆಕ್ಕದಲ್ಲಿ 'ಸ್ವಲ್ಪ ಜಾಸ್ತಿ', ನಮ್ಮ ಲೆಕ್ಕದಲ್ಲಿ ಬೊಜ್ಜಿನವರು. ಮೊದಲ ಸಲ ಕೇಳಿದವರಿಗೆ ಇದು ಅನ್ಯಾಯ ಅನ್ನಿಸೋದು ಸಹಜ.

ಕಾರಣ ಇದೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ಸಪೂರ. ಆದರೆ ಮೈಯಲ್ಲಿರುವ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2! ತೂಕ, ಎತ್ತರ ಒಂದೇ ಲೆಕ್ಕಕ್ಕೆ ಬಂದರೂ ಕೊಬ್ಬು ಎರಡು ಪಟ್ಟಿಗಿಂತ ಜಾಸ್ತಿ. ಇಬ್ಬರನ್ನು ಅಳೆದು ಒಂದು ದೇಶದ ಬಗ್ಗೆ ತೀರ್ಮಾನ ಕೊಡೋಕೆ ಆಗೋಲ್ಲ, ನಿಜ. ಆದರೆ ದೊಡ್ಡ ದೊಡ್ಡ ಅಧ್ಯಯನಗಳಲ್ಲೂ ಇದೇ ಕಂಡಿದೆ. ಅದೇ ಬಿಎಂಐ ಇರುವ ಯುರೋಪಿನವರಿಗಿಂತ ಭಾರತೀಯರಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದರಲ್ಲೂ ಹೊಟ್ಟೆಯ ಕೊಬ್ಬು ಜಾಸ್ತಿ.

ಬಿಎಂಐ ಹುಟ್ಟಿದ್ದೇ ಒಬ್ಬೊಬ್ಬರ ಆರೋಗ್ಯ ನೋಡಲಿಕ್ಕಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಕೆಟ್ಲೆ ಜನಸಮೂಹದ ಸರಾಸರಿ ತಿಳಿಯಲು ಮಾಡಿದ ಲೆಕ್ಕ ಅದು. ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಅದಕ್ಕೆ ಗೊತ್ತಾಗೋಲ್ಲ. ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಗಟ್ಟಿ ಆಳಿಗೂ, ದಿನವಿಡೀ ಕುರ್ಚಿಯಲ್ಲಿ ಕೂರುವ ಗುಮಾಸ್ತರಿಗೂ ಒಂದೇ ಸಂಖ್ಯೆ ಬರಬಹುದು. ಕೊಬ್ಬು ಎಲ್ಲಿದೆ ಅನ್ನೋದಂತೂ ಅದಕ್ಕೆ ತಿಳಿಯೋದೇ ಇಲ್ಲ.

ಅಟ್ಟ ತುಂಬಿದ ಮೇಲೆ

ನಮ್ಮ ಹಳೇ ಮನೆಗಳಲ್ಲಿ ಮಳೆಗಾಲಕ್ಕೆ ಬೇಕಾದ ಅಕ್ಕಿ, ತೆಂಗಿನಕಾಯಿ, ಉಪ್ಪು, ಹಪ್ಪಳದ ಡಬ್ಬ ಎಲ್ಲ ಅಟ್ಟ ಸೇರುತ್ತಿದ್ದವು. ಅಟ್ಟದಲ್ಲಿ ಇರೋವರೆಗೆ ಯಾರಿಗೂ ತೊಂದರೆ ಇಲ್ಲ. ಜೂನ್ ಬಂದರೆ ಅದೇ ಆಸರೆ. ದೇಹಕ್ಕೂ ಇಂಥ ಒಂದು ಅಟ್ಟ ಇದೆ: ಚರ್ಮದ ಕೆಳಗಿನ ಕೊಬ್ಬು. ತೊಡೆ, ಸೊಂಟದ ಹಿಂಭಾಗ, ತೋಳು, ಹೀಗೆ. ಉಂಡದ್ದರಲ್ಲಿ ಆವತ್ತು ಖರ್ಚಾಗದೆ ಉಳಿದ ಶಕ್ತಿ ಕೊಬ್ಬಾಗಿ ಅಲ್ಲಿ ಕೂರುತ್ತದೆ. ಇದು ರೋಗವಲ್ಲ, ದೇಹದ ಮುಂದಾಲೋಚನೆ.

ತೊಂದರೆ ಶುರುವಾಗೋದು ಅಟ್ಟ ತುಂಬಿದ ಮೇಲೂ ಮೂಟೆಗಳು ಬರ್ತಾನೇ ಇದ್ದರೆ. ಆಗ ಎಲ್ಲಿಡೋದು? ಅಡುಗೆಮನೆಯಲ್ಲಿ, ಬಚ್ಚಲ ದಾರಿಯಲ್ಲಿ, ದೇವರ ಕೋಣೆಯಲ್ಲಿ. ದೇಹದಲ್ಲಿ ಆ ಜಾಗಗಳು ಅಂದರೆ ಕರುಳಿನ ಸುತ್ತಮುತ್ತ, ಲಿವರ್‌ನ ಒಳಗೆ, ಮೇದೋಜೀರಕ ಗ್ರಂಥಿಯಲ್ಲಿ, ಹೃದಯದ ಸುತ್ತ, ಸ್ನಾಯುಗಳ ಒಳಗೆ. ಒಳಗೆ ಸೇರಿದ ಈ ಕೊಬ್ಬಿನಿಂದಲೇ ಹೆಚ್ಚಿನ ಕಾಯಿಲೆ ಬರೋದು.

ಎಲ್ಲರ ಅಟ್ಟವೂ ಒಂದೇ ಅಳತೆಯದ್ದಲ್ಲ. ಕೆಲವರದು ದೊಡ್ಡದು. ಅವರು ನೋಡಲು ದಪ್ಪಗಿದ್ದರೂ ರಕ್ತ ಪರೀಕ್ಷೆ ಎಷ್ಟೋ ವರ್ಷ ಸರಿಯಾಗಿಯೇ ಇರಬಹುದು. ಭಾರತೀಯರಲ್ಲಿ ಬಹಳಷ್ಟು ಜನರದು ಸಣ್ಣದು. ಸ್ವಲ್ಪ ತೂಕ ಏರಿದರೂ ಬೇಗ ತುಂಬುತ್ತದೆ, ಮಿಕ್ಕಿದ್ದು ಒಳಗೆ ನುಗ್ಗುತ್ತದೆ. 'ನಮ್ಮಣ್ಣ ಅಷ್ಟು ಸಪೂರ, ಅವನಿಗೆ ಹೇಗೆ ಶುಗರ್ ಬಂತು?' ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ನಮ್ಮ 23, 25ರ ಬಿಗಿ ಗಡಿಗೂ ಇದೇ ಕಾರಣ. ಯಾಕೆ ಹೀಗೆ ಅನ್ನೋದಕ್ಕೆ ವಂಶದ ಪಾಲೂ ಇದೆ, ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆಯ ಪಾಲೂ ಇದೆ. ಕಡಿಮೆ ತೂಕದಲ್ಲಿ ಹುಟ್ಟಿ, ಆಮೇಲೆ ಬೇಗ ದಪ್ಪಗಾದ ಮಕ್ಕಳಿಗೆ ದೊಡ್ಡವರಾದ ಮೇಲೆ ಮಧುಮೇಹದ ಅಪಾಯ ಜಾಸ್ತಿ.

ಹೆಂಗಸರಲ್ಲಿ ಮುಟ್ಟು ನಿಲ್ಲುವವರೆಗೆ ಕೊಬ್ಬು ಮುಖ್ಯವಾಗಿ ತೊಡೆ, ನಿತಂಬದಲ್ಲಿ ಕೂರುತ್ತದೆ. ಮುಟ್ಟು ನಿಂತ ಮೇಲೆ ಹೊಟ್ಟೆಗೆ ಜಾಗ ಬದಲಿಸುತ್ತದೆ. ಐವತ್ತರ ನಂತರ ಅವರ ಹೃದಯದ ಅಪಾಯ ಗಂಡಸರ ಹತ್ತಿರ ಬರುವುದಕ್ಕೆ ಇದೂ ಒಂದು ಕಾರಣ.

ಟೇಪ್ ಹಿಡಿಯುವುದು ಎಲ್ಲಿ?

ಒಳಗಿನ ಕೊಬ್ಬನ್ನು ನೇರವಾಗಿ ನೋಡಬೇಕಾದರೆ ಸ್ಕ್ಯಾನ್ ಬೇಕು. ಊರಿನ ಎಲ್ಲರಿಗೂ ಸ್ಕ್ಯಾನ್ ಮಾಡಿಸೋಕಾಗುತ್ತಾ? ಅದಕ್ಕೇ ಟೇಪ್. ಹೊಟ್ಟೆಯ ಸುತ್ತಳತೆ ಒಳಗಿನ ಕೊಬ್ಬಿನ ಬಗ್ಗೆ ಒಳ್ಳೇ ಅಂದಾಜು ಕೊಡುತ್ತದೆ.

ಇಲ್ಲಿ ಗಂಡಸರು ಮಾಡುವ ಒಂದು ಜಾಣತನ ಹೇಳಲೇಬೇಕು. 'ನನ್ನ ಸೊಂಟ 34, ಹತ್ತು ವರ್ಷದಿಂದ ಬದಲಾಗಿಲ್ಲ' ಅನ್ನುತ್ತಾರೆ. ಅದು ಪ್ಯಾಂಟಿನ ಅಳತೆ. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಬೆಲ್ಟು ಕೆಳಗಿಳಿದಿರುತ್ತದೆ. ಲುಂಗಿ ಉಡುವವರಿಗಂತೂ ಆ ಸೂಚನೆಯೂ ಸಿಗೋಲ್ಲ, ಎಷ್ಟು ಬೇಕಾದರೂ ಸಡಿಲಿಸಿ ಕಟ್ಟಬಹುದು.

ಸರಿಯಾದ ಜಾಗ ಹೀಗೆ ಸಿಗುತ್ತದೆ. ಪಕ್ಕೆಯಲ್ಲಿ ಕೈಯಾಡಿಸಿ ಕೊನೆಯ ಪಕ್ಕೆಲುಬನ್ನು ಹುಡುಕಿ. ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚು ಕೈಗೆ ಸಿಗುತ್ತದೆ. ಇವೆರಡರ ನಡುಮಧ್ಯಕ್ಕೆ ಟೇಪ್ ಬರಬೇಕು. ಅಂಗಿ ಎತ್ತಿ, ಬರಿ ಮೈ ಮೇಲೆ, ಸುತ್ತಲೂ ನೆಲಕ್ಕೆ ಸಮಾನವಾಗಿ ಹಿಡಿಯಬೇಕು. ಹಿಂದುಗಡೆ ಟೇಪ್ ಜಾರೋದು ಜಾಸ್ತಿ, ಕನ್ನಡಿ ಇದ್ದರೆ ನೋಡಿಕೊಳ್ಳಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗೋದು ನಾವೇ.

ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗಡಿ. ಸಂಖ್ಯೆ ಮರೆತರೆ ಇನ್ನೊಂದು ಲೆಕ್ಕವಿದೆ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂ.ಮೀ. ಎತ್ತರದವರ ಸೊಂಟ 80 ದಾಟಬಾರದು. ಗರ್ಭಿಣಿಯರಿಗೆ ಇದ್ಯಾವುದೂ ಅನ್ವಯಿಸೋಲ್ಲ.

ಹೊಟ್ಟೆಯ ಕೊಬ್ಬಿನಿಂದ ಶುಗರ್‌ವರೆಗೆ

ಕೊಬ್ಬು ಸುಮ್ನೆ ಕೂರುವ ವಸ್ತು ಅಂತ ಹಿಂದೆ ತಿಳಿದಿದ್ದರು. ಹಾಗಲ್ಲ. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಯಿತು. ಅದನ್ನು ತಯಾರಿಸೋದು ಕೊಬ್ಬಿನ ಕೋಶಗಳೇ. ಮಿದುಳಿಗೆ 'ಸಂಗ್ರಹ ಸಾಕಷ್ಟಿದೆ' ಅಂತ ತಿಳಿಸೋದು ಅದರ ಕೆಲಸ. ಆಮೇಲೆ ಕೊಬ್ಬು ಹೊರಬಿಡುವ ಇನ್ನೂ ಎಷ್ಟೋ ರಾಸಾಯನಿಕಗಳು ಗೊತ್ತಾದವು. ಅತಿಯಾಗಿ ಹಿಗ್ಗಿದ ಕೊಬ್ಬಿನ ಕೋಶಗಳು ಉರಿಯೂತ ಹುಟ್ಟಿಸುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಜ್ವರ ಇರೋಲ್ಲ, ನೋವಿರೋಲ್ಲ, ಆದರೆ ವರ್ಷಗಟ್ಟಲೆ ರಕ್ತನಾಳಗಳ ಒಳಗೋಡೆಗೆ ಪೆಟ್ಟು ಬೀಳುತ್ತಲೇ ಇರುತ್ತದೆ.

ಇನ್ನು ಶುಗರ್. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಅಂತ ಅದು ಸ್ನಾಯುಗಳಿಗೆ ಹೇಳುತ್ತದೆ. ನೀನು ಸಕ್ಕರೆ ಮಾಡೋದು ನಿಲ್ಲಿಸು ಅಂತ ಲಿವರ್‌ಗೆ ಹೇಳುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ಹೊರಟ ರಕ್ತ ಬಹುಪಾಲು ನೇರ ಲಿವರ್‌ಗೇ ಹೋಗುತ್ತದೆ. ಅದರ ಜೊತೆ ಕೊಬ್ಬಿನಾಮ್ಲವೂ ಹೋಗುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳೋಲ್ಲ. ರಾತ್ರಿಯಿಡೀ ಸಕ್ಕರೆ ಮಾಡ್ತಾನೇ ಇರುತ್ತದೆ. ಏನೂ ತಿನ್ನದೇ ಮಲಗಿ ಎದ್ದರೂ ಬೆಳಗಿನ ಶುಗರ್ ಜಾಸ್ತಿ ಬರೋದು ಇದಕ್ಕೇ.

ಮೊದಮೊದಲು ದೇಹ ಜಾಸ್ತಿ ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ. ಐದು, ಹತ್ತು ವರ್ಷ ಹೀಗೇ ನಡೆಯಬಹುದು. ಅಷ್ಟು ಕಾಲವೂ ಶುಗರ್ ರಿಪೋರ್ಟ್ 'ನಾರ್ಮಲ್'. ಆಮೇಲೆ ಗ್ರಂಥಿ ಸೋಲುತ್ತದೆ. ಒಂದು ದಿನ ರಿಪೋರ್ಟ್ ನೋಡಿ 'ಇದ್ದಕ್ಕಿದ್ದ ಹಾಗೆ ಶುಗರ್ ಬಂತು' ಅನ್ನುತ್ತೇವೆ. ಇದ್ದಕ್ಕಿದ್ದ ಹಾಗೆ ಬಂದದ್ದಲ್ಲ ಅಂತ ಈಗ ಗೊತ್ತಾಯಿತಲ್ವಾ?

2023ರಲ್ಲಿ ಹೊರಬಂದ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೊಡ್ಡ ಅಧ್ಯಯನದ ಅಂದಾಜು: ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಅದೇ ಅಧ್ಯಯನದಲ್ಲಿ ಒಟ್ಟಾರೆ ಬೊಜ್ಜು ಶೇ 28.6 ಜನರಲ್ಲಿ ಕಂಡರೆ, ಹೊಟ್ಟೆಯ ಬೊಜ್ಜು ಶೇ 39.5 ಜನರಲ್ಲಿ ಇತ್ತು. ತೂಕದ ಯಂತ್ರ ಬಿಟ್ಟುಬಿಟ್ಟವರನ್ನು ಟೇಪ್ ಹಿಡಿದಿದೆ.

ಉಳಿದ ಕಾಯಿಲೆಗಳು

ಲಿವರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೇರೆ ಯಾವುದೋ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಿನ ಕೊನೆಯಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಒಂದು ಸಾಲು ಇರುತ್ತದೆ. 'ಅದು ಎಲ್ಲರಿಗೂ ಇರುತ್ತೆ ಬಿಡಿ' ಅಂತ ಫೈಲು ಮುಚ್ಚುತ್ತಾರೆ. ನಿಜ, ಬಹಳ ಜನರಿಗೆ ಇದೆ. ಹೆಚ್ಚಿನವರಲ್ಲಿ ಅದು ಮುಂದೆ ಹೋಗದೆಯೂ ಇರಬಹುದು. ಆದರೆ ಕೆಲವರಲ್ಲಿ ಲಿವರ್ ಉರಿಯೂತಕ್ಕೆ ತಿರುಗಿ, ಗಾಯದ ಕಲೆ ಕಟ್ಟಿ, ಕೊನೆಗೆ ಸಿರೋಸಿಸ್ ಆಗುತ್ತದೆ, ಅಂದರೆ ಲಿವರ್ ಗಟ್ಟಿಯಾಗಿ ಕೆಲಸ ಕೆಡುತ್ತದೆ. ಒಂದು ತೊಟ್ಟು ಕುಡಿಯದವರಲ್ಲೂ ಆಗುತ್ತದೆ. ಅಲ್ಲಿವರೆಗೆ ಲಿವರ್ ನೋವು ಕೊಡೋದಿಲ್ಲ. ಸಮಾಧಾನದ ಸುದ್ದಿ ಅಂದರೆ, ಇಷ್ಟು ಚೆನ್ನಾಗಿ ಚೇತರಿಸಿಕೊಳ್ಳುವ ಅಂಗ ಇನ್ನೊಂದಿಲ್ಲ. ತೂಕದಲ್ಲಿ ಶೇ 5 ಇಳಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ.

ಬಿಪಿ ಏರೋದಕ್ಕೆ ಕಾರಣ ಹಲವು. ಬೊಜ್ಜು ಇದ್ದಾಗ ಕಿಡ್ನಿ ಉಪ್ಪನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ನರಗಳ ಒತ್ತಡವೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿ, ಹಪ್ಪಳ ಇಲ್ಲದೆ ಗಂಜಿ ಇಳಿಯದ ನಮ್ಮ ಕಡೆಯವರು ಇದನ್ನು ನೆನಪಿಡಬೇಕು.

ಗೊರಕೆಯನ್ನು ನಾವು ಒಳ್ಳೇ ನಿದ್ದೆಯ ಗುರುತು ಅಂದುಕೊಳ್ಳುತ್ತೇವೆ. ಗಂಟಲ ಸುತ್ತ ಕೊಬ್ಬು ಸೇರಿದವರಲ್ಲಿ ನಿದ್ದೆಯಲ್ಲೇ ಉಸಿರು ಕೆಲವು ಸೆಕೆಂಡ್ ನಿಂತು, ಗಕ್ಕನೆ ಮತ್ತೆ ಶುರುವಾಗುತ್ತದೆ. ರಾತ್ರಿಯಲ್ಲಿ ಹತ್ತಾರು ಸಲ, ಕೆಲವೊಮ್ಮೆ ನೂರಾರು ಸಲ. ಮಾರನೇ ದಿನ ಹಗಲಲ್ಲೇ ತೂಕಡಿಕೆ. ಅರಬೈಲು ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಸ್ಟಿಯರಿಂಗ್ ಹಿಡಿದವರಿಗೆ ಈ ತೂಕಡಿಕೆ ಬಂದರೆ ಅದು ಒಬ್ಬರ ಸಮಸ್ಯೆಯಾಗಿ ಉಳಿಯೋದಿಲ್ಲ.

ಮಂಡಿನೋವಿನ ಬಗ್ಗೆ 2005ರ ಒಂದು ಅಧ್ಯಯನ ಸರಳ ಲೆಕ್ಕ ಕೊಟ್ಟಿತು: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 13 ಬಗೆಯ ಕ್ಯಾನ್ಸರ್‌ಗಳನ್ನು ಬೊಜ್ಜಿನ ಜೊತೆ ಸೇರಿಸಿದೆ. ದೊಡ್ಡ ಕರುಳು, ಗರ್ಭಕೋಶದ ಒಳಪದರ, ಕಿಡ್ನಿ, ಲಿವರ್, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಅದರಲ್ಲಿ ಇವೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರು, ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಕೂಡ ತೂಕದಿಂದ ಜೋರಾಗುತ್ತವೆ.

ಒಬ್ಬರ ಹೊಟ್ಟೆ ಊರಿನ ವಿಷಯ ಹೇಗಾಯಿತು?

'ತಿಂದವರು ಅನುಭವಿಸುತ್ತಾರೆ, ಸರ್ಕಾರಕ್ಕೇನು?' ಅನ್ನೋ ಪ್ರಶ್ನೆ ಇದ್ದೇ ಇದೆ. ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಮೇಲಿದ್ದವರು ಕರ್ನಾಟಕದ ಹೆಂಗಸರಲ್ಲಿ 2015-16ರಲ್ಲಿ ಶೇ 23.3 ಇದ್ದರು. 2019-21ರಲ್ಲಿ ಶೇ 30.1 ಆದರು. ಗಂಡಸರದು ಶೇ 22.1ರಿಂದ 30.9ಕ್ಕೆ ಜಿಗಿಯಿತು. ನಾಲ್ಕೈದು ವರ್ಷದಲ್ಲಿ ಇಡೀ ರಾಜ್ಯದ ಜನರಿಗೆ ಒಟ್ಟಿಗೇ ಮನಸ್ಸಿನ ಹಿಡಿತ ತಪ್ಪಿತಾ? ವಂಶವಾಹಿ ಬದಲಾಯಿತಾ? ಎರಡೂ ಆಗೋದಿಲ್ಲ. ಬದಲಾದದ್ದು ಸುತ್ತಲಿನ ಬದುಕು. ಜಗತ್ತಿನಲ್ಲೂ ಅಷ್ಟೇ. 2022ರ ಹೊತ್ತಿಗೆ ಎಂಟರಲ್ಲಿ ಒಬ್ಬರಿಗೆ ಬೊಜ್ಜು. 2025ರಲ್ಲಿ ಯುನಿಸೆಫ್ ಹೇಳಿದ್ದು ಇನ್ನೂ ಚಕಿತಗೊಳಿಸುವಂಥದ್ದು: 5ರಿಂದ 19 ವರ್ಷದವರಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಈಗ ಜಾಸ್ತಿ.

ನಮ್ಮ ಜಿಲ್ಲೆಯ ಕೆಲಸಗಳನ್ನೇ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯುವುದು, ಮತ್ತೆ ಹತ್ತುವುದು ದಿನದ ಕೆಲಸವಾಗಿತ್ತು. ಈಗ ಪಿಕಪ್ ತೋಟದ ಬಾಯಿಗೇ ಬರುತ್ತದೆ. ಕರಾವಳಿಯಲ್ಲಿ ರಂಪಣಿ ಬಲೆ ಎಳೆಯಲು ದಡದ ಎರಡೂ ಕಡೆ ಸಾಲುಗಟ್ಟಿ ಜನ ಬೇಕಿತ್ತು. ಯಾಂತ್ರಿಕ ದೋಣಿ ಬಂದ ಮೇಲೆ ಆ ಎಳೆತ ಯಂತ್ರದ ಪಾಲಾಯಿತು. ಅಂಕೋಲೆ ಪೇಟೆಗೆ ತರಕಾರಿ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದ ಹಾಲಕ್ಕಿ ಸಮುದಾಯದ ಹೆಂಗಸರಿಗೆ ಈಗ ರಿಕ್ಷಾ, ಟೆಂಪೋ ಇದೆ. ಇದರಲ್ಲಿ ಯಾವುದೂ ತಪ್ಪಲ್ಲ. ಆ ದುಡಿಮೆ ಮತ್ತೆ ಬರಲಿ ಅಂತ ಹಾರೈಸುವವರು ಒಂದು ಹೊರೆ ಹೊತ್ತು ನೋಡಲಿ! ಆದರೆ ದುಡಿಮೆ ಇಳಿದಷ್ಟು ಊಟ ಇಳಿಯಲಿಲ್ಲ.

ಜೊತೆಗೆ ತಿನಿಸು ಬದಲಾಯಿತು. ಘಟ್ಟದ ಕೊನೆಯ ಮನೆಯ ಹತ್ತಿರದ ಗೂಡಂಗಡಿಯಲ್ಲೂ ಐದು, ಹತ್ತು ರೂಪಾಯಿಯ ಪೊಟ್ಟಣಗಳು ನೇತಾಡುತ್ತಿರುತ್ತವೆ. ಬಾಳೆಹಣ್ಣಿಗಿಂತ ಅವು ಅಗ್ಗ, ಕೆಡೋದೂ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ಒಂದು ಪ್ರಯೋಗ ನಡೆಯಿತು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಅಡುಗೆಮನೆಯ ಸಾದಾ ಆಹಾರ ಕೊಟ್ಟರು. ಎರಡರಲ್ಲೂ ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮ ಬಡಿಸಿದರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಕಾರ್ಖಾನೆಯ ಆಹಾರ ಸಿಕ್ಕಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರದಲ್ಲಿ ಹತ್ತಿರಹತ್ತಿರ ಒಂದು ಕಿಲೋ ಏರಿತು. ಹಸಿವು ಬದಲಾಗಿರಲಿಲ್ಲ, ತಟ್ಟೆ ಬದಲಾಗಿತ್ತು.

ಸಕ್ಕರೆಯ ಲೆಕ್ಕವೂ ಹೀಗೇ ಕಣ್ತಪ್ಪಿಸುತ್ತದೆ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚದ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 300 ಎಂಎಲ್ ಕೋಲಾದ ಒಂದು ಬಾಟಲಿಯಲ್ಲೇ 30 ಗ್ರಾಂ ಮೇಲಿರುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವಾಗ 'ಪ್ರತಿ 100 ಗ್ರಾಂಗೆ' ಎಂಬ ಕಾಲಂ ನೋಡಿ. 'ಒಂದು ಸರ್ವಿಂಗ್‌ಗೆ' ಅಂತ ಇರೋದು ಸಣ್ಣದಾಗಿ ಕಾಣಲೆಂದೇ ಇದ್ದ ಹಾಗಿರುತ್ತದೆ. ಎರಡೇ ಬಿಸ್ಕತ್ತಿಗೆ ನಿಲ್ಲಿಸುವವರು ಯಾರು?

ನಮ್ಮ ತಟ್ಟೆಯ ಬಗ್ಗೆ ಕೆಲವು ನಂಬಿಕೆ

ಕೊಬ್ಬರಿ ಎಣ್ಣೆ 'ಒಳ್ಳೇ ಎಣ್ಣೆ', ಅದರಿಂದ ದಪ್ಪ ಆಗೋಲ್ಲ ಅನ್ನುವವರಿದ್ದಾರೆ. ಗ್ರಾಂಗೆ 9 ಕ್ಯಾಲೊರಿ ಅನ್ನೋದು ಎಲ್ಲ ಎಣ್ಣೆಗೂ ಒಂದೇ, ತುಪ್ಪಕ್ಕೂ ಹೆಚ್ಚುಕಮ್ಮಿ ಅಷ್ಟೇ. ಅನ್ನ, ಬೇಳೆಯ ಪಿಷ್ಟ, ಪ್ರೋಟೀನ್‌ಗೆ ಗ್ರಾಂಗೆ 4. ಅದಕ್ಕೇ ಎಣ್ಣೆ ಸ್ವಲ್ಪ ಕಡಿಮೆ ಮಾಡಿದರೂ ಲೆಕ್ಕ ಬೇಗ ಇಳಿಯುತ್ತದೆ. 2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಅಂದದ್ದು ಈ ಕಾರಣಕ್ಕೆ. ತಿಂಗಳಿಗೆ ಎಷ್ಟು ಲೀಟರ್ ತರುತ್ತೇವೆ ಅಂತ ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಮನೆಯ ಲೆಕ್ಕ ಗೊತ್ತಾಗುತ್ತದೆ.

ಜೋನಿ (ದ್ರವ) ಬೆಲ್ಲವೂ ಸಕ್ಕರೆಯೇ. ದೋಸೆಗೆ ಅದರ ಜೊತೆ ತುಪ್ಪ ಸೇರಿದರೆ ರುಚಿಗೆ ಎಣೆಯಿಲ್ಲ, ಕ್ಯಾಲೊರಿಗೂ ಎಣೆಯಿಲ್ಲ. ಮುರುಗಲು (ಕೋಕಂ) ಹಣ್ಣಿನ ರಸಕ್ಕೆ ಸಕ್ಕರೆ ಇಲ್ಲದೆ ಉಪ್ಪು, ಜೀರಿಗೆ ಹಾಕಿ ಕುಡಿದರೆ ಸರಿ, ಬಾಟಲಿಯ ಸಿರಪ್ ಆದರೆ ಅದು ಬೇರೆಯೇ ವಸ್ತು. ಕುಚ್ಚಲಕ್ಕಿ ಬೆಳ್ತಿಗೆ ಅನ್ನಕ್ಕಿಂತ ನಿಧಾನ ಜೀರ್ಣವಾಗುತ್ತದೆ ನಿಜ, ಆದರೆ ಬಟ್ಟಲು ಬಟ್ಟಲು ಉಣ್ಣಲು ಅದು ರಹದಾರಿ ಅಲ್ಲ. ಬಂಗಡೆ, ತಾರ್ಲೆ ಬಹಳ ಒಳ್ಳೇ ಮೀನು, ಸಾರು ಮಾಡಿದರಂತೂ. ರವೆಯಲ್ಲಿ ಹೊರಳಿಸಿ ಕರಿದಾಗ ರವೆ ಕುಡಿದ ಎಣ್ಣೆ ಲೆಕ್ಕಕ್ಕೆ ಬರುತ್ತದೆ. ಹಾಗೆ ನೋಡಿದರೆ ತಂಬುಳಿ, ಅಪ್ಪೆಹುಳಿ, ಹಸಿ, ಪಲ್ಯ ಇರುವ ಹಳೇ ಊಟದಲ್ಲಿ ತಪ್ಪು ಹುಡುಕೋದು ಕಷ್ಟ. ನಡುವೆ ಅನ್ನದ ಗುಡ್ಡ ಮಾತ್ರ ಸ್ವಲ್ಪ ತಗ್ಗಬೇಕು.

ಇಳಿದ ತೂಕ ಮತ್ತೆ ಯಾಕೆ ಏರುತ್ತದೆ?

ತೂಕ ಇಳಿಸಿದವರಲ್ಲಿ ಹೆಚ್ಚಿನವರಿಗೆ ಅದು ಮತ್ತೆ ಏರುತ್ತದೆ. ಇದನ್ನು ಸೋಮಾರಿತನ ಅಂತ ಕರೆಯೋದು ಸುಲಭ, ಆದರೆ ದೇಹದ ಕಡೆಯಿಂದ ನೋಡಿ. ಕೊಬ್ಬು ಕರಗಿದ ಹಾಗೆ ಲೆಪ್ಟಿನ್ ಇಳಿಯುತ್ತದೆ. ಬರಗಾಲ ಬಂದಿದೆ ಅಂತ ಮಿದುಳು ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಅತಿ ವೇಗವಾಗಿ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದರು. ಅವರ ದೇಹ ಆಗಲೂ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಬೊಜ್ಜು ಬಂದ ಮೇಲೆ ಇಳಿಸೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದು ಸುಲಭ ಅನ್ನೋದು ಇದಕ್ಕೇ. ದಪ್ಪಗಿರುವವರನ್ನು ಮದುವೆಮನೆಯಲ್ಲಿ ಎಲ್ಲರೆದುರು ಹಂಗಿಸಿದರೆ ಇದು ಬದಲಾಗೋದಿಲ್ಲ. ನಾಚಿಕೆಯಿಂದ ಅವರು ಡಾಕ್ಟರ ಹತ್ತಿರ ಹೋಗೋದನ್ನೂ ಬಿಡುತ್ತಾರೆ, ಅಷ್ಟೇ.

ಪೂರ್ತಿ ಸಪೂರ ಆಗಬೇಕಾಗಿಯೂ ಇಲ್ಲ. 80 ಕಿಲೋದವರು ನಾಲ್ಕರಿಂದ ಎಂಟು ಕಿಲೋ ಇಳಿದು ಅಲ್ಲೇ ನಿಂತರೂ ಬಿಪಿ, ಶುಗರ್, ಲಿವರ್ ಎಲ್ಲದರಲ್ಲೂ ಲಾಭ ಕಾಣುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ನಡೆದ 2002ರ ಅಧ್ಯಯನದಲ್ಲಿ ಶೇ 7ರಷ್ಟು ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷದ ನಡಿಗೆ ಗುರಿಯಾಗಿತ್ತು. ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ 58 ತಗ್ಗಿತು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ ಊಟ, ನಡಿಗೆಯ ಬದಲಾವಣೆಯಿಂದಲೇ ಶೇ 28.5 ತಗ್ಗಿತು.

ವಾರಕ್ಕೆ 150 ನಿಮಿಷ ಅಂದರೆ ಐದು ದಿನ ಅರ್ಧರ್ಧ ಗಂಟೆ. ಕಾರವಾರದವರಿಗೆ ಟ್ಯಾಗೋರ್ ಕಡಲತೀರ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡೋದು ಅನ್ನೋದೇ ನಮ್ಮ ಕಡೆಯ ನಿಜವಾದ ಪ್ರಶ್ನೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಲ್ಲಿ ನಡಿಗೆಯ ಅಭ್ಯಾಸ ನಾಲ್ಕು ತಿಂಗಳು ಕಡಿದುಹೋಗುತ್ತದೆ. ಮೆಟ್ಟಿಲು, ಜಗಲಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಏನಾದರೂ ಸರಿ. ಸೊಂಟ, ಬಿಪಿ, ಶುಗರ್ ನೋಡಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ದುಡ್ಡೂ ಬೇಡ. ದೊಡ್ಡ ಚಿಕಿತ್ಸೆಗೆ ಈಗಲೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಅಲೆಯುವ ಜಿಲ್ಲೆಯವರು ಈ ಸಣ್ಣ ತಪಾಸಣೆಯನ್ನು ತಪ್ಪಿಸಬಾರದು.

ಇಂಜೆಕ್ಷನ್, ಮತ್ತು ನಮ್ಮ ಕಾಡಿನ ಉಪ್ಪಾಗೆ

2025ರಲ್ಲಿ ಭಾರತಕ್ಕೆ ಎರಡು ಇಂಜೆಕ್ಷನ್ ಬಂದವು, ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ. ಊಟವಾದ ಮೇಲೆ ಕರುಳು ಬಿಡುವ ಹಾರ್ಮೋನುಗಳ ಹಾಗೇ ಇವು ಕೆಲಸ ಮಾಡುತ್ತವೆ. ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಮಿದುಳಿಗೆ ಸಾಕು ಅನ್ನಿಸುತ್ತದೆ. ತೂಕ ಇಳಿಯೋದು ನಿಜ. ವಾಕರಿಕೆ, ವಾಂತಿ, ಮಲಬದ್ಧತೆ ಬರೋದೂ ನಿಜ. ವೆಗೊವಿಯಲ್ಲಿರುವ ಔಷಧಿಯನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮತ್ತೆ ಏರಿದ್ದನ್ನು ಅಧ್ಯಯನ ತೋರಿಸಿದೆ. ಡಾಕ್ಟರು ಪರೀಕ್ಷಿಸಿ ಬರೆದುಕೊಡಬೇಕಾದ ಔಷಧಿ ಇದು, ಮದುವೆಗೆ ಮುಂಚೆ ಎರಡು ತಿಂಗಳು ಚುಚ್ಚಿಕೊಳ್ಳುವುದಕ್ಕಲ್ಲ.

ಆನ್‌ಲೈನಲ್ಲಿ ಇನ್ನೊಂದು ಸರಕು ಸಿಗುತ್ತದೆ, 'ಗಾರ್ಸಿನಿಯಾ' ಮಾತ್ರೆ. ಡಬ್ಬಿಯ ಮೇಲೆ ವಿದೇಶದ ಚಿತ್ರ ಇದ್ದರೂ ಒಳಗಿರೋದು ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆಯ ಸಾರ. ಮೀನುಸಾರಿನ ಹುಳಿಗೆ ಹಾಕುವ ಅದೇ ಒಣಗಿದ ಸಿಪ್ಪೆ. 1990ರ ದಶಕದಲ್ಲಿ ಇದು ತೂಕ ಇಳಿಸುತ್ತದೆ ಅಂತ ಸುದ್ದಿಯಾಗಿ ಬೆಲೆ ಏರಿತು. ಮಳೆಯಲ್ಲೇ ಕಾಯಿ ಕೊಯ್ದು, ಸೌದೆ ಬೆಂಕಿಯಲ್ಲಿ ಒಣಗಿಸಿ ಮಾರುವ ಗಡಿಬಿಡಿ ಕಾಡಂಚಿನ ಊರುಗಳಲ್ಲಿ ಶುರುವಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ಮಾಡಿದಾಗ ಉಪ್ಪಾಗೆಯ ಸಾರ ತಿಂದವರಿಗೂ ಸುಳ್ಳು ಮಾತ್ರೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಇಂಥ ಮಾತ್ರೆ ತಿಂದ ಕೆಲವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಬಂದವು. ಸಾರಿಗೆ ಹಾಕುವ ಎರಡು ಎಸಳಿಗೆ ಇದು ಅನ್ವಯಿಸೋಲ್ಲ. ಡಬ್ಬಿಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಊಟ ಸೇರದಿದ್ದರೆ ಮಾತ್ರೆ ನಿಲ್ಲಿಸಿ ಡಬ್ಬಿಯ ಸಮೇತ ಡಾಕ್ಟರ ಹತ್ತಿರ ಹೋಗಬೇಕು.